ಒಂದು ದಿನವೂ ರಜೆ ಹಾಕದ ತಾತ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೊದ ಅಂಗಳದಲ್ಲಿ ಬಸ್ಸುಗಳ ಇಂಜಿನ್ನುಗಳು ಒಂದೊಂದಾಗಿ ಕೆಮ್ಮಿ ಎದ್ದೇಳುತ್ತಿವೆ. ಟೈರ್ ಉಗ್ರಾಣದ ಹಿಂದಿನ ಸಣ್ಣ ಕೋಣೆಯಲ್ಲಿ ಹಳೆಯ ಪ್ರಿಂಟರೊಂದು ಕರಕರ ಸದ್ದು ಮಾಡುತ್ತ ಉದ್ದನೆಯ ಹಾಳೆಯನ್ನು ಹೊರಗೆ ತಳ್ಳುತ್ತಿದೆ. ಅದರ ಮುಂದೆ ಸ್ವೆಟರ್ ಹಾಕಿ ನಿಂತಿರುವ ಹೆಂಗಸಿಗೆ ಹಾಳೆ ಪೂರ್ತಿ ಬರುವವರೆಗೆ ಕಾಯುವ ತಾಳ್ಮೆಯಿಲ್ಲ. ಬಂದಷ್ಟನ್ನೇ ಬಗ್ಗಿ ಓದುತ್ತಾರೆ, ಕನ್ನಡಕ ತೆಗೆಯುತ್ತಾರೆ, ಸ್ವೆಟರಿನ ತುದಿಯಿಂದ ಒರೆಸುತ್ತಾರೆ, ಹಾಕಿಕೊಂಡು ಮತ್ತೆ ಬಗ್ಗುತ್ತಾರೆ. ಯಾವ ಬಸ್ಸು ಯಾವ ದಾರಿಗೆ, ಯಾರ ಕೈಗೆ ಸ್ಟೀರಿಂಗ್, ಟಿಕೆಟ್ ಕೊಡುವವರು ಯಾರು ಎಂಬ ಇವತ್ತಿನ ಹಣೆಬರಹವೆಲ್ಲ ಆ ಹಾಳೆಯಲ್ಲಿದೆ.

ಹೊರಗೆ ಬೋರ್ಡಿನ ಮುಂದೆ ಡ್ರೈವರುಗಳು ಟೀ ಲೋಟ ಹಿಡಿದು ಗುಂಪು ಕಟ್ಟಿದ್ದಾರೆ. ಹಾಳೆ ಬಂದದ್ದು ಕಂಡು ದಾರಿ ಬಿಡುತ್ತಾರೆ. ಅವರಿಗೆಲ್ಲ ಈಕೆ ಪಾಳಿಯಕ್ಕ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಯಾರನ್ನು ಕರೆದರಪ್ಪಾ ಎಂದು ಅವರೇ ಹಿಂದೆ ತಿರುಗಿ ನೋಡುತ್ತಾರೆ. ಇಕ್ಕಟ್ಟಿನ ಮಾರುಕಟ್ಟೆ ದಾರಿ ಸಿಕ್ಕವನು ಗೊಣಗುತ್ತಾನೆ, ಸೇತುವೆ ದಾಟಿ ಹೋಗುವ ಸಲೀಸು ದಾರಿ ಸಿಕ್ಕವನು ಲೋಟದ ಮರೆಯಲ್ಲಿ ನಗುತ್ತಾನೆ. ಪಾಳಿಯಕ್ಕ ಇಬ್ಬರನ್ನೂ ಗಮನಿಸುವುದಿಲ್ಲ. ಹಾಳೆ ಅಂಟಿಸಿ ಕೋಣೆಗೆ ಬರುತ್ತಾರೆ, ಕೂರುತ್ತಾರೆ, ಏಳುತ್ತಾರೆ, ಮತ್ತೆ ಬೋರ್ಡಿನ ಹತ್ತಿರ ಹೋಗುತ್ತಾರೆ. ಇವತ್ತು ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ಕಾರಣವಿದೆ. ಮಧ್ಯಾಹ್ನದ ಊಟಕ್ಕೆ ಮೊದಲು ಮೇಲಿನ ಮಹಡಿಯಲ್ಲಿ ಸಾರಿಗೆ ಸಂಸ್ಥೆಯ ದೊಡ್ಡ ಸಾಹೇಬರ ಮುಂದೆ ಅವರು ಒಂದು ಮಾತು ಹೇಳಬೇಕು. ಪಾಳಿ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಹಳೆಯದೇ ಇರಲಿಯೋ, ಹೊಸದು ಬರಲಿಯೋ? ಸಾಹೇಬರಿಗೆ ಉದ್ದ ವಿವರಣೆ ಬೇಡ. ನೀವೊಬ್ಬರೇ ಎರಡರ ಒಳಗೂ ಕೈ ಆಡಿಸಿದವರು, ನೀವು ಹೇಳಿದ್ದೇ ಕೊನೆ ಎಂದು ತಲೆಯ ಮೇಲೆ ಕಲ್ಲು ಹೊರಿಸಿ ಹೋಗಿದ್ದಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ವಾರದಿಂದ ಪಾಳಿಯಕ್ಕನ ಮನಸ್ಸು ಬೆಳಗ್ಗೆ ಹಳೆಯದರ ಕಡೆ, ಸಂಜೆ ಹೊಸದರ ಕಡೆ.

ಹಳೆಯದು ಅಂದರೆ ನಿಜವಾಗಿಯೂ ಹಳೆಯದು. ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಪಾಳಿಯಕ್ಕ ಟೈಪಿಸ್ಟ್ ಆಗಿ ಇಲ್ಲಿ ಕಾಲಿಟ್ಟಾಗಲೇ ಅದು ಓಡುತ್ತಿತ್ತು. ಅದನ್ನು ಬರೆದ ಹಿರಿಯರೊಬ್ಬರು, ಬೆರಳಿನ ವೇಗ ಚೆನ್ನಾಗಿದೆ ಎಂಬ ಒಂದೇ ಅರ್ಹತೆ ನೋಡಿ, ಊಟದ ಬಿಡುವಿನಲ್ಲಿ ಈಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಅವರು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಉಳಿದದ್ದು ಪ್ರೋಗ್ರಾಂ ಮತ್ತು ಪಾಳಿಯಕ್ಕ. ಕಾಲೇಜಿನ ಪದವಿಯಿಲ್ಲ ಎಂದು ಬಡ್ತಿ ಬಂದಾಗೆಲ್ಲ ಬೇರೆಯವರ ಪಾಲಾಯಿತು, ಕೆಲಸ ಮಾತ್ರ ಇವರ ಪಾಲಿಗೇ ಉಳಿಯಿತು. ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರಜೆಯ ದಿನವೂ ಫೋನ್ ಆರಿಸಿಟ್ಟ ನೆನಪು ಅವರಿಗಿಲ್ಲ. ತಂಗಿಯ ಮದುವೆಯಲ್ಲಿ ಊಟಕ್ಕೆ ಕೂತಾಗ ಡಿಪೊದಿಂದ ಕರೆ ಬಂತು. ಎಲೆಯ ಮುಂದೆ ಕಣ್ಣು ಮುಚ್ಚಿಕೊಂಡು, ಕೋಡಿನ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಫೋನಿನಲ್ಲಿ ಹೇಳಿ ತಿದ್ದಿಸಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ಪಾಪ ಈ ಹುಡುಗಿಗೆ ಏನೋ ಆಗಿದೆ ಎಂದು ಗಾಬರಿಯಾಗಿ ನೀರು ತರಿಸಿದ್ದರಂತೆ.

ಪ್ರೋಗ್ರಾಮಿನ ಒಳಗೆ ಡಿಪೊದ ಅರ್ಧ ಸಂಸಾರವೇ ಇದೆ. ಮೊಣಕಾಲು ನೋವಿನ ಡ್ರೈವರಿಗೆ ಹಂಪು ಹೆಚ್ಚಿರುವ ದಾರಿ ಹಾಕಬಾರದು. ಭಾವ ಭಾವಮೈದುನ ಇಬ್ಬರಿದ್ದಾರೆ, ಆಸ್ತಿ ಜಗಳವಾದ ಮೇಲೆ ಮಾತಿಲ್ಲ, ಅವರನ್ನು ಒಂದೇ ಬಸ್ಸಿಗೆ ಡ್ರೈವರ್ ಕಂಡಕ್ಟರ್ ಮಾಡಬಾರದು. ಬಸುರಿ ಕಂಡಕ್ಟರಿಗೆ ಕುಲುಕಾಟದ ರಸ್ತೆ ಬೇಡ. ಹೆಂಡತಿ ಆಸ್ಪತ್ರೆಯಲ್ಲಿರುವವನಿಗೆ ಆಸ್ಪತ್ರೆ ಮುಂದೆ ಹಾದುಹೋಗುವ ದಾರಿಯೇ ಬೀಳಬೇಕು, ಐದು ನಿಮಿಷ ಇಳಿದು ಮುಖ ನೋಡಿ ಬರಲಿ. ಇದಾವುದೂ ಸಂಸ್ಥೆಯ ನಿಯಮವಲ್ಲ. ಒಬ್ಬೊಬ್ಬರು ಬಂದು ಕಷ್ಟ ಹೇಳಿಕೊಂಡಾಗ ಪಾಳಿಯಕ್ಕ ಒಂದೊಂದು ಸಾಲು ಸೇರಿಸಿದ್ದಾರೆ. ಅವರ ಯಜಮಾನರೂ ಇದೇ ಡಿಪೊದಲ್ಲಿ ಬಸ್ ಓಡಿಸುತ್ತಾರೆ. ಹೆಂಡತಿಯ ಕೈಯಲ್ಲಿ ಪಾಳಿ ಇದ್ದರೂ ಒಳ್ಳೆಯ ದಾರಿ ಸಿಗದ ಏಕೈಕ ಗಂಡಸು ತಾನೇ ಎಂಬುದು ಅವರ ನಿತ್ಯದ ದೂರು.

ಹೊಸದು ಎಂದರೆ ಪಾಳಿಯಕ್ಕನಿಗೆ ಹೆದರಿಕೆ ಬರಲು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ತಮಟೆ ಬಾರಿಸಿಕೊಂಡು ಇನ್ನೊಂದು ಹೊಸದು ಬಂದಿತ್ತು. ಕೋಡ್ ಬರೆಯುವುದೇ ಬೇಡ, ಪರದೆಯ ಮೇಲೆ ಬಣ್ಣದ ಡಬ್ಬಿಗಳನ್ನು ಎಳೆದು ಜೋಡಿಸಿದರೆ ಪ್ರೋಗ್ರಾಂ ತಯಾರು ಎಂದರು. ಡಿಪೊದವರು ಅದಕ್ಕೆ ಬೊಂಬೆಯಾಟ ಎಂದು ಹೆಸರಿಟ್ಟರು. ಹಳೆಯ ಮಷೀನನ್ನು ಗುಜರಿಗೆ ಹಾಕಿ ಎಂಬ ಆದೇಶವೂ ಆಯಿತು. ಬೊಂಬೆಯಾಟ ಚೆನ್ನಾಗಿಯೇ ನಡೆಯುತ್ತಿತ್ತು, ಆಡಿಸುವವರು ಅಂಗಡಿ ಮುಚ್ಚುವ ತನಕ. ಒಂದು ಬೆಳಗ್ಗೆ ಡಬ್ಬಿಗಳು ಪರದೆಯಲ್ಲಿ ಕಲ್ಲಾಗಿ ಕೂತಾಗ ಪಾಳಿಯಕ್ಕ ಆ ಕಂಪನಿಗೆ ಫೋನ್ ಮಾಡಿದರು. ಖಾಲಿ ಆಫೀಸಿನಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿರಲಿಲ್ಲ. ಆ ದಿನ ಬಸ್ಸುಗಳನ್ನು ಹೊರಡಿಸಿದ್ದು ಗುಜರಿಗೆ ಹೋಗದೆ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಅದೇ ಹಳೆಯ ಮಷೀನು. ಮುಂದಾಲೋಚನೆಯಿಂದ ಉಳಿಸಿಕೊಂಡಿದ್ದಿರಾ ಎಂದು ಕೇಳಿದರೆ ಅವರಿಗೆ ನಗು.

“ಮುಂದಾಲೋಚನೆ ಏನೂ ಇಲ್ಲ, ಸೋಮಾರಿತನ. ಅಷ್ಟು ಭಾರ ಯಾರು ಎತ್ತಿ ಹೊರಗಿಡ್ತಾರೆ ಅಂತ ಬಿಟ್ಟಿದ್ದೆ.”

ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಹಾಗಾಗಿ ಈ ಸಲ ಮತ್ತೆ ಹೊಸದು ಎಂಬ ಮಾತು ಬಂದಾಗ ಪಾಳಿಯಕ್ಕ ಊದಲು ತಯಾರಾಗಿಯೇ ಕೂತಿದ್ದರು. ಬಂದವರು ಬೆನ್ನಿಗೆ ಚೀಲ, ಕೈಯಲ್ಲಿ ಸ್ವಂತ ಟೀ ಲೋಟ ಇದ್ದ ತೆಳ್ಳನೆಯ ಎಂಜಿನಿಯರ್. ಮಾತು ಮಾತಿಗೂ ಅದು ಕ್ಲೌಡಿನಲ್ಲಿರುತ್ತೆ, ಇದು ಕ್ಲೌಡಿನಲ್ಲಿರುತ್ತೆ ಎನ್ನುತ್ತಿದ್ದುದರಿಂದ ಎರಡನೇ ದಿನಕ್ಕೇ ಡ್ರೈವರುಗಳ ಬಾಯಲ್ಲಿ ಮೋಡದ ಮೇಷ್ಟ್ರು ಆದರು. ಮೋಡ ಅಂದ ಮೇಲೆ ಒಂದಲ್ಲ ಒಂದು ದಿನ ಕರಗಬೇಕಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವರೂ ನಕ್ಕರು. ಅವರು ತಂದ ತಂತ್ರಜ್ಞಾನ ತೀರಾ ಎಳೆಯದು. ಅದನ್ನು ಹುಟ್ಟಿಸಿದವರೇ ವರ್ಷಕ್ಕೆರಡು ಬಾರಿ ಅದರ ರೂಪ ಬದಲಿಸುತ್ತಿದ್ದರು. ಆದರೆ ಅದರ ಬಗ್ಗೆ ಹೇಳುವಾಗ ಮೇಷ್ಟ್ರ ಕಣ್ಣಲ್ಲಿ ಬೆಳಕಿರುತ್ತಿತ್ತು.

ಮನುಷ್ಯ ಒಳ್ಳೆಯವರು. ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು, ಅದೇ ದೊಡ್ಡ ಗುಣ. ಟೈರಿನ ವಾಸನೆಯ ಆ ಕೋಣೆಯಲ್ಲಿ ವಾರಗಟ್ಟಲೆ ಕೂತು ಪಾಳಿಯಕ್ಕನಿಂದ ಒಂದೊಂದೇ ನಿಯಮ ಕೇಳಿ ತಮ್ಮ ಹೊಸ ಪ್ರೋಗ್ರಾಮಿನೊಳಗೆ ಸೇರಿಸಿದರು. ಮೊಣಕಾಲು ನೋವು ಸೇರಿತು, ಭಾವ ಭಾವಮೈದುನನ ಮುನಿಸು ಸೇರಿತು, ಆಸ್ಪತ್ರೆ ದಾರಿ ಸೇರಿತು. ಇನ್ನೇನಾದರೂ ಉಳಿದಿದೆಯಾ ಎಂದು ಅವರು ಮೂರು ಸಲ ಕೇಳಿದರು. ಏನೂ ಇಲ್ಲ ಎಂದು ಪಾಳಿಯಕ್ಕ ಮೂರು ಸಲವೂ ಹೇಳಿದರು. ಉಳಿದಿದ್ದವನು ತಾತ.

ತಾತ ಯಾರೆಂದು ಹೇಳಲೇಬೇಕು. ಹಳೆಯ ಪ್ರೋಗ್ರಾಮಿಗೆ ಒಂದು ಹಟವಿತ್ತು. ಯಾವ ಬಸ್ಸಿನ ಮುಂದೆಯೂ ಡ್ರೈವರಿನ ಜಾಗ ಖಾಲಿ ಬಿಡುವಂತಿಲ್ಲ, ಬಿಟ್ಟರೆ ಅಲ್ಲಿಗೇ ನಿಂತುಬಿಡುತ್ತದೆ. ಆದರೆ ಜ್ವರ ಬಂದು ಡ್ರೈವರ್ ಬರದಿದ್ದರೆ ಖಾಲಿಯಲ್ಲದೆ ಮತ್ತೇನು? ಅದಕ್ಕೆ ಹಿರಿಯರು ಆ ಕಾಲದಲ್ಲೇ ಒಬ್ಬ ಸುಳ್ಳು ಡ್ರೈವರನ್ನು ಹುಟ್ಟಿಸಿ, ತಾತ ಎಂದು ಹೆಸರಿಟ್ಟು ಆ ಜಾಗದಲ್ಲಿ ಕೂರಿಸಿದರು. ಹಾಳೆಯಲ್ಲಿ ಬಸ್ಸಿನ ಮುಂದೆ ತಾತ ಎಂದು ಬಂದರೆ ಆ ಬಸ್ಸಿಗೆ ಡ್ರೈವರ್ ಇಲ್ಲ, ಬೆಂಚಿನ ಮೇಲೆ ಕಾಯುತ್ತಿರುವ ಬದಲಿ ಡ್ರೈವರನ್ನು ಕಳಿಸಿ ಎಂದರ್ಥ. ಇದು ಡಿಪೊದವರ ನಾಲಿಗೆಯಲ್ಲಿ ಎಷ್ಟು ಬೆರೆತಿದೆ ಎಂದರೆ ಇವತ್ತು ರಜೆ ಹಾಕಿದವರು ಜಾಸ್ತಿ ಎಂದು ಯಾರೂ ಹೇಳುವುದಿಲ್ಲ, ಇವತ್ತು ತಾತನಿಗೆ ಬಿಡುವಿಲ್ಲ ಎನ್ನುತ್ತಾರೆ. ನೆಗಡಿ ಜ್ವರದ ದಿನಗಳಲ್ಲಿ ತಾತ ಒಂದೇ ಬೆಳಗ್ಗೆ ಹತ್ತು ಕಡೆ ಬಸ್ ಓಡಿಸುತ್ತಾನೆ.

ಹೋದ ವಾರ ಈ ಒಂದು ಡಿಪೊದಲ್ಲಿ ಹೊಸ ಪ್ರೋಗ್ರಾಮಿನ ಪರೀಕ್ಷೆ ನಡೆಯಿತು. ಪ್ರಿಂಟರಿನ ಹಾಳೆ ಬದಲು ಡಿಪೊ ಮ್ಯಾನೇಜರ್ ಕೈಯಲ್ಲಿದ್ದ ಫೋನಿನಲ್ಲೇ ಪಾಳಿ ಬಂತು. ಮ್ಯಾನೇಜರ್ ಮೇಲಿಂದ ಕೆಳಗೆ ನೋಡಿದರು, ಒಂದು ಕಡೆಯೂ ತಾತ ಇಲ್ಲ. ಎಲ್ಲರೂ ಕೆಲಸಕ್ಕೆ ಬಂದಿದ್ದಾರೆಂದು ಹಿಗ್ಗಿದರು. ಬದಲಿ ಡ್ರೈವರುಗಳು ಇವತ್ತು ನಮಗೆ ಆರಾಮು ಎಂದು ಬೆಂಚಿನ ಮೇಲೆ ಕಾಲು ಚಾಚಿದರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ, ನೋಡೋಣ ಎಷ್ಟು ದಿನವೋ ಎಂದು ಒಬ್ಬರು ಅಂದರು. ಆದರೂ ಮೇಷ್ಟ್ರಿಗೆ ಕೈಕುಲುಕುವ ಶಾಸ್ತ್ರ ಮುಗಿಯಿತು.

ಆಮೇಲೆ ಫೋನುಗಳು ಶುರುವಾದವು. ಆಸ್ಪತ್ರೆ ದಾರಿಯ ಬಸ್ಸು ಬಂದಿಲ್ಲ. ಬೇಕರಿ ಓಣಿಯ ಬಸ್ಸು ಬಂದಿಲ್ಲ. ಸೇತುವೆಯಾಚೆ ಜನ ರಸ್ತೆಗೇ ಇಳಿದು ನಿಂತಿದ್ದಾರೆ. ಪಾಳಿಯಕ್ಕ ಅಂಗಳಕ್ಕೆ ಓಡಿ ಬಂದು ನೋಡಿದರೆ, ಹೊರಟು ಹೋಗಿರಬೇಕಾದ ಬಸ್ಸುಗಳು ಸಾಲಾಗಿ ನಿಂತೇ ಇವೆ. ಅವರು ಮತ್ತೆ ಕೋಣೆಗೆ ಓಡಿ ಹಳೆಯ ಮಷೀನಿನಲ್ಲಿ ಅದೇ ದಿನದ ಪಾಳಿ ತೆಗೆದರು. ನಿಂತ ಒಂದೊಂದು ಬಸ್ಸಿನ ಮುಂದೆಯೂ ಪ್ರಿಂಟರ್ ಒಂದೇ ಹೆಸರು ಬರೆದಿತ್ತು.

“ಇಲ್ಲಿ ತಾತ ಇದ್ದಾನೆ. ನಿಮ್ಮದರಲ್ಲಿ ತಾತ ಎಲ್ಲಿ?” ಪಾಳಿಯಕ್ಕ ಕೇಳಿದರು.

ಮೋಡದ ಮೇಷ್ಟ್ರು ತಮ್ಮ ಪರದೆಯಲ್ಲಿ ಹುಡುಕಿ, ಸಮಾಧಾನದ ದನಿಯಲ್ಲೇ ಹೇಳಿದರು: “ಅವರಾ? ಅವರಿಗೆ ಕಡ್ಡಾಯ ರಜೆ ಕೊಟ್ಟಿದೆ ಅಕ್ಕ. ಪಾಪ, ಇಷ್ಟು ವರ್ಷದಲ್ಲಿ ಒಂದು ದಿನಾನೂ ರಜೆ ಹಾಕಿಲ್ಲ ನೋಡಿ.”

ಪಾಳಿಯಕ್ಕ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತರು. ನಡೆದದ್ದು ಇಷ್ಟೇ. ಹಳೆಯ ಪಾಳಿಗಳನ್ನೆಲ್ಲ ಹೊಸ ಪ್ರೋಗ್ರಾಮಿಗೆ ತುಂಬಿಸಿದಾಗ ಜೊತೆಯಲ್ಲಿ ತಾತನೂ ಹೋಗಿದ್ದ. ಡ್ರೈವರುಗಳನ್ನು ವಿಶ್ರಾಂತಿಯಿಲ್ಲದೆ ದುಡಿಸಬಾರದು ಎಂಬ ಒಳ್ಳೆಯ ನಿಯಮ ಹೊಸದರಲ್ಲಿತ್ತು. ಬೆಳಗ್ಗೆ ಸಂಜೆ ಎನ್ನದೆ, ವಾರದ ರಜೆಯಿಲ್ಲದೆ ದಶಕಗಟ್ಟಲೆ ಬಸ್ ಓಡಿಸಿದ ಈ ಮುದುಕನನ್ನು ಕಂಡು ಅದಕ್ಕೆ ಕರುಳು ಚುರುಕ್ಕೆಂದಿರಬೇಕು. ತಾತನನ್ನು ದೀರ್ಘ ರಜೆಯ ಮೇಲೆ ಕಳಿಸಿತು. ಡ್ರೈವರ್ ರಜೆಯಲ್ಲಿದ್ದ ಮೇಲೆ ಅವನ ಪಾಲಿನ ಬಸ್ಸುಗಳೂ ರದ್ದು, ಫೋನಿನ ಪಟ್ಟಿಯಿಂದಲೂ ಮಾಯ. ಈ ನೌಕರರ ಆರೋಗ್ಯ ತಪಾಸಣೆ ತಕ್ಷಣ ಮಾಡಿಸತಕ್ಕದ್ದು ಎಂದು ಮ್ಯಾನೇಜರಿಗೆ ಒಂದು ಸಂದೇಶವನ್ನೂ ಕಳಿಸಿತ್ತು. ಮ್ಯಾನೇಜರ್ ಅದನ್ನು ಓದಿರಲಿಲ್ಲ.

ಬೆಂಚಿನ ಮೇಲಿದ್ದವರನ್ನು ಎಬ್ಬಿಸಿ, ವಾರದ ರಜೆಯಲ್ಲಿ ಮಲಗಿದ್ದ ಪಾಳಿಯಕ್ಕನ ಯಜಮಾನರನ್ನೂ ಕರೆಸಿ, ಅಂತೂ ಬಸ್ಸುಗಳನ್ನು ಹೊರಡಿಸಿದರು. ಯಜಮಾನರು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡೇ ಸ್ಟೀರಿಂಗ್ ಹಿಡಿದರು. ತಾತನ ಜಾಗಕ್ಕೆ ಹೋಗುವುದು ಅಂದರೆ ಸಣ್ಣ ಮಾತಾ ಎಂದು ಅವರ ತಮಾಷೆ ಬೇರೆ. ಡಿಪೊಗೆ ಡಿಪೊವೇ ನಕ್ಕಿತು, ಪಾಳಿಯಕ್ಕನಿಗೆ ಮಾತ್ರ ನಗು ಬರಲಿಲ್ಲ. ಆಸ್ಪತ್ರೆಯ ಆಯಾ ಒಬ್ಬರು ಬಸ್ಸಿಲ್ಲದೆ ಡಿಪೊವರೆಗೂ ನಡೆದು ಬಂದಿದ್ದರು. ಕೆಲಸಕ್ಕೆ ತಡವಾಗಿತ್ತು, ಇವರು ಹೋಗಿ ಬಿಡಿಸುವವರೆಗೆ ಇನ್ನೊಬ್ಬಾಕೆ ಅಲ್ಲಿ ರಾತ್ರಿ ಪಾಳಿ ಮುಗಿಸಿಯೂ ನಿಂತೇ ಇರಬೇಕಿತ್ತು. ಗೇಟಿನ ಹತ್ತಿರ ಬಂದ ಆ ಆಯಾ ಕೂಗಾಡಲಿಲ್ಲ, ಬೈಯಲಿಲ್ಲ.

“ನಾಳೆ ಬಸ್ ಬರುತ್ತಾ ಅಂತ ಕೇಳಿದ್ರು, ಅಷ್ಟೇ,” ಎನ್ನುವಾಗ ಪಾಳಿಯಕ್ಕನ ದನಿ ಇಳಿಯುತ್ತದೆ. “ಬೈದಿದ್ರೆ ನಂಗೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ.”

ಅಂದು ಸಂಜೆ ವಿಚಾರಣೆಯಲ್ಲಿ ಎಲ್ಲರ ಬೆರಳೂ ಮೋಡದ ಮೇಷ್ಟ್ರ ಕಡೆ. ತಪ್ಪು ಅವರದಲ್ಲ ಎಂದು ಪಾಳಿಯಕ್ಕ ಎದ್ದು ಹೇಳಿದರು. ಮೂರು ಸಲ ಕೇಳಿದರೂ ತಾತನ ಸಂಗತಿ ಹೇಳದೆ ಹೋದದ್ದು ತಾವು. ಬಚ್ಚಿಟ್ಟದ್ದಲ್ಲ. ದಿನಾ ಹಾಳೆಯಲ್ಲಿ ನೋಡಿ ನೋಡಿ, ತಾತ ಎಂಬ ಮನುಷ್ಯನಿಲ್ಲ ಎಂಬುದೇ ಮರೆತುಹೋಗಿತ್ತು. ಮೇಷ್ಟ್ರೂ ಸುಮ್ಮನಿರಲಿಲ್ಲ. ಇಷ್ಟು ವರ್ಷ ರಜೆ ಹಾಕದ ಮನುಷ್ಯ ಜಗತ್ತಿನಲ್ಲಿ ಯಾರಿದ್ದಾರೆ ಎಂದು ತಾನಾದರೂ ಕೇಳಬೇಕಿತ್ತು ಎಂದರು.

ಅಲ್ಲಿಂದ ಗಾಳಿ ಹಳೆಯದರ ಕಡೆ ಬೀಸತೊಡಗಿತು. ಊರೆಲ್ಲ ಸುತ್ತಿದರೂ ಹಳೇ ಗಂಡನ ಪಾದವೇ ಗತಿ ಎಂದು ಡ್ರೈವರುಗಳು ಪಾಳಿಯಕ್ಕನ ಯಜಮಾನರ ಎದುರಿಗೇ ಹೇಳಿ ನಕ್ಕರು. ಮ್ಯಾನೇಜರಂತೂ ಒಂದು ಮಾತು ಹಳೆಯದೇ ಸಾಕು ಅಂದುಬಿಡಿ, ತಲೆನೋವು ಕಳೆಯುತ್ತೆ ಎಂದು ಕೈ ಮುಗಿಯುವುದೊಂದು ಬಾಕಿ. ಅಂದುಬಿಡಬಹುದಿತ್ತು. ಅಂದರೆ ಪಾಳಿಯಕ್ಕನ ಕುರ್ಚಿ ಭದ್ರ, ನಿವೃತ್ತಿಯಾಗುವ ತನಕ ಅವರಿಲ್ಲದೆ ಡಿಪೊದಲ್ಲಿ ಒಂದು ಚಕ್ರವೂ ಉರುಳುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಎಲ್ಲರೂ ಅವರೇ ಬೇಕು ಎನ್ನುತ್ತಿದ್ದರು. ಆ ಮಾತು ಯಾರಿಗೆ ತಾನೇ ಸಿಹಿಯಲ್ಲ?

ಆದರೂ ಗಂಟಲಲ್ಲಿ ಬಿಸಿ ತುಪ್ಪ. ನಿವೃತ್ತಿ ದೂರವೇನೂ ಇಲ್ಲ. ಆಮೇಲೆ? ಹಳೆಯ ಮಷೀನಿನ ಬಿಡಿಭಾಗ ತಯಾರಿಸುವವರು ಎಂದೋ ನಿಲ್ಲಿಸಿದ್ದಾರೆ, ಮುಚ್ಚಿಹೋದ ಮಿಲ್ಲೊಂದರಿಂದ ತಂದ ಅಂಥದೇ ಎರಡು ಮಷೀನುಗಳ ಹೊಟ್ಟೆ ಬಗೆದು ಇದರ ಜೀವ ಹಿಡಿದಿದ್ದಾರೆ. ಕೋಬಾಲ್ ಗೊತ್ತಿದ್ದವರನ್ನು ಹುಡುಕಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಾಗ ಬಂದವರು ಒಬ್ಬರೇ, ಅವರು ಪಾಳಿಯಕ್ಕನಿಗಿಂತ ವಯಸ್ಸಿನಲ್ಲಿ ಹಿರಿಯರು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಯೋಚನೆ ಅವರನ್ನು ಕೂರಲು ಬಿಡುತ್ತಿಲ್ಲ.

“ತಾತನ್ನೇ ಮರೆತೆ ಅಂದ್ಮೇಲೆ, ನನ್ನ ತಲೇಲಿ ಇನ್ನೆಷ್ಟು ಜನ ತಾತಂದಿರು ಕೂತಿದ್ದಾರೋ. ಪ್ರೋಗ್ರಾಂ ಮಷೀನಿನಲ್ಲಿದೆ ಅಂದ್ಕೊಂಡಿದ್ದೆ. ಅರ್ಧ ನನ್ನ ತಲೇಲೇ ಇದೆ. ನಾನು ಒಂದಿನ ಬೆಳಗ್ಗೆ ಏಳದೇ ಹೋದ್ರೆ ಆ ಆಯಮ್ಮಂಗೆ ಬಸ್ ಇಲ್ಲ.”

ಮನೆಯಲ್ಲಿ ಯಾರನ್ನು ಕೇಳುವುದು? ಅತ್ತೆಗೆ ಹೊಸ ಶ್ರವಣಯಂತ್ರ ತಂದುಕೊಟ್ಟು ಆರು ತಿಂಗಳಾಯಿತು, ಡಬ್ಬಿ ಬಿಟ್ಟು ಹೊರಬಂದಿಲ್ಲ. ಹಳೆಯದಾದರೆ ಬೇಡದ ಮಾತು ಕೇಳಿಸುವುದಿಲ್ಲ, ಅದೇ ಒಳ್ಳೆಯದು ಎನ್ನುತ್ತಾರೆ ಅವರು. ಯಜಮಾನರಿಗೆ ಡಿಪೊದಲ್ಲಿ ಗೇರ್ ಇಲ್ಲದ ಹೊಸ ಬಸ್ಸು ಕೊಟ್ಟಿದ್ದಾರೆ. ಅದು ಹೇಗಿದೆ ಎಂದು ಪಾಳಿಯಕ್ಕ ಮೊನ್ನೆ ಊಟಕ್ಕೆ ಬಡಿಸುತ್ತ ಕೇಳಿದರು. ಕೈ ಇನ್ನೂ ಗೇರನ್ನು ಹುಡುಕುತ್ತೆ, ಮೊಣಕಾಲು ಮಾತ್ರ ಹೊಸದೇ ಇರಲಿ ಅನ್ನುತ್ತೆ ಎಂದರು ಅವರು. ಸಲಹೆ ಕೇಳಿದರೆ ಈ ಮನೆಯಲ್ಲಿ ಸಿಗುವುದು ಇಷ್ಟೇ ಎಂದು ಪಾಳಿಯಕ್ಕ ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು.

ನಿನ್ನೆ ಅವರು ಮೋಡದ ಮೇಷ್ಟ್ರನ್ನು ಕೋಣೆಗೆ ಕರೆದು ಕೂರಿಸಿ ನೇರವಾಗಿ ಕೇಳಿದರು. ಹತ್ತು ವರ್ಷದ ನಂತರ ನಿಮ್ಮ ಈ ಹೊಸ ತಂತ್ರಜ್ಞಾನ ಇರುತ್ತದಾ? ಮೇಷ್ಟ್ರು ಗೊತ್ತಿಲ್ಲ ಎಂದರು. ಸುಳ್ಳು ಹೇಳದೆ ಹಾಗೆಂದದ್ದು ಪಾಳಿಯಕ್ಕನಿಗೆ ಹಿಡಿಸಿತು. ನೀವೇ ಬೇರೆ ಕೆಲಸಕ್ಕೆ ಹೋದರೆ ಇದನ್ನು ಓದಬಲ್ಲವರು ಸಿಗುತ್ತಾರಾ? ಸಿಗುವುದು ಕಷ್ಟ ಎಂದರು. ಹಾಗಾದರೆ ಇದೇ ಯಾಕೆ ಬೇಕು ಎಂಬ ಪ್ರಶ್ನೆಗೆ ಮೇಷ್ಟ್ರು ಲೋಟ ತಿರುಗಿಸುತ್ತ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: “ಇದರಲ್ಲಿ ಬರೆಯೋಕೆ ಖುಷಿ ಆಗುತ್ತೆ ಅಕ್ಕ.”

ಪಾಳಿಯಕ್ಕ ಹಳೆಯ ಮಷೀನಿನ ಕಡೆ ತಿರುಗಿ ನೋಡಿದರು. ಇಷ್ಟು ವರ್ಷ ಕೋಬಾಲನ್ನು ಅಪ್ಪಿಕೊಂಡು ಕೂತ ತಮ್ಮ ಕಾರಣವೂ ಅದೇ ಅಲ್ಲವೇ? ಬಸ್ಸಿಗಾಗಿ ಎಂದು ಬಾಯಲ್ಲಿ ಹೇಳುತ್ತಿದ್ದರು, ಆ ಭಾಷೆಯಲ್ಲಿ ಒಂದು ಸಾಲು ಸರಿಯಾಗಿ ಕೂತಾಗ ಆಗುವ ಸಂತೋಷವನ್ನು ಬಿಡಲಾಗದೆ ಕೂತದ್ದು. ಇಬ್ಬರ ರೋಗವೂ ಒಂದೇ, ವಯಸ್ಸು ಬೇರೆ.

ಎರಡರ ನಡುವೆ ಒಂದು ದಾರಿ ಇದೆ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು. ಬ್ಯಾಂಕು, ಆಸ್ಪತ್ರೆಗಳವರು ಎಷ್ಟೋ ವರ್ಷದಿಂದ ಬಳಸುತ್ತಿರುವ, ಕಲಿತವರು ಬೀದಿಗೊಬ್ಬರು ಸಿಗುವ ತಂತ್ರಜ್ಞಾನ. ತೀರಾ ಮುದಿಯಲ್ಲ, ತೀರಾ ಎಳಸೂ ಅಲ್ಲ. ಪಾಳಿಯಕ್ಕ ಅದರ ಹೆಸರೆತ್ತಿದಾಗ ಮೇಷ್ಟ್ರ ಮುಖ ಹುಳ್ಳಗಾಯಿತು.

“ಅದು ತುಂಬಾ ಬೋರು ಅಕ್ಕ.”

“ಬಸ್ಸು ಬರೋದೂ ಬೋರೇ ಅಲ್ವಾ?” ಪಾಳಿಯಕ್ಕ ಕೇಳಿದರು. “ದಿನಾ ಅದೇ ಟೈಮಿಗೆ, ಅದೇ ಸ್ಟಾಪಿಗೆ ಬರುತ್ತೆ. ಜನಕ್ಕೆ ಬೇಕಾಗಿರೋದು ಆ ಬೋರೇ. ನಿಮ್ಮ ಖುಷಿ ನೀವು ಬಿಡಿ, ನನ್ನ ಖುಷಿ ನಾನು ಬಿಡ್ತೀನಿ.”

ಮೇಷ್ಟ್ರು ಚೀಲ ಹೆಗಲಿಗೇರಿಸಿಕೊಂಡು ಹೋದರು. ಟೀ ಲೋಟ ಮರೆತೇ ಹೋಗಿದ್ದರು. ಅವರಿಗೆ ಬೇಸರವಾಗಿದೆ ಎಂದು ಗೊತ್ತಾಯಿತು, ಪಾಳಿಯಕ್ಕನಿಗೆ ತಮ್ಮ ಬೇಸರ ಆಮೇಲೆ ಗೊತ್ತಾಯಿತು. ಮೇಷ್ಟ್ರ ಎದುರು ಬಿಡ್ತೀನಿ ಅಂದದ್ದು ಸುಲಭವಿತ್ತು. ಇವತ್ತು ಬೆಳಗ್ಗೆ ಪ್ರಿಂಟರಿನ ಸದ್ದು ಕೇಳುತ್ತಿದ್ದಂತೆ ಮನಸ್ಸು ಮತ್ತೆ ಹಿಂದಕ್ಕೆ ಎಳೆಯುತ್ತಿದೆ. ಅಂಗಳ ಖಾಲಿಯಾಗಿದೆ, ಕೊನೆಯ ಬಸ್ಸೂ ಗೇಟು ದಾಟಿದೆ. ಪಾಳಿಯಕ್ಕ ಇನ್ನೂ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾರೆ. ಹಳೆಯದೇ ಇರಲಿ ಅಂದರೆ ಯಾರೂ ಬೇಡ ಅನ್ನುವವರಿಲ್ಲವಲ್ಲ ಎಂದು ಎರಡು ಸಲ ಬಾಯಿ ಬಿಟ್ಟೇ ಹೇಳುತ್ತಾರೆ. ಯಾರಿಗೆ ಹೇಳುತ್ತಿದ್ದಾರೆಂದು ಅವರಿಗೂ ತಿಳಿದಂತಿಲ್ಲ.

ಮೇಲಿನ ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು, ಫ್ಯಾನಿನ ಗಾಳಿಗೆ ಹಾರದಂತೆ ಕಾಗದದ ಮೇಲಿಟ್ಟ ಗಾಜಿನ ಗುಂಡು. ದೊಡ್ಡ ಸಾಹೇಬರು, ಡಿಪೊ ಮ್ಯಾನೇಜರ್, ಮೂಲೆಯಲ್ಲಿ ಮೋಡದ ಮೇಷ್ಟ್ರು. ಹಳೆಯದೋ ಹೊಸದೋ ಹೇಳಿ ಎಂದು ಸಾಹೇಬರು ಕೇಳುತ್ತಾರೆ. ಮ್ಯಾನೇಜರ್ ಆಗಲೇ ಹಳೆಯದು ಎಂಬಂತೆ ತಲೆಯಾಡಿಸುತ್ತಿದ್ದಾರೆ.

“ಹಳೇದು ಬೇಡ,” ಎನ್ನುತ್ತಾರೆ ಪಾಳಿಯಕ್ಕ. ಮಾತು ಹೊರಬಿದ್ದ ಮೇಲೆ ಅವರ ಕೈ ಕುರ್ಚಿಯ ಅಂಚನ್ನು ಹಿಡಿದುಕೊಳ್ಳುತ್ತದೆ.

ಉಳಿದದ್ದನ್ನು ಅವರು ಬಿಡಿಸಿ ಹೇಳುತ್ತಾರೆ. ಮೇಷ್ಟ್ರು ತಂದ ತೀರಾ ಹೊಸದೂ ಬೇಡ, ಹತ್ತು ಜನ ನಡೆದು ಸವೆಸಿದ ದಾರಿಯಲ್ಲಿ ಹೊಸ ಪ್ರೋಗ್ರಾಂ ಬರೆಯಲಿ. ನಿಯಮಗಳನ್ನೆಲ್ಲ ಯಾರು ಓದಿದರೂ ತಿಳಿಯುವ ಮಾತಿನಲ್ಲಿ ಬೇರೆಯಾಗಿ ಬರೆದಿಡಲಿ, ನಾಳೆ ತಂತ್ರಜ್ಞಾನ ಬದಲಾದರೂ ಅವು ಉಳಿಯಲಿ. ಡಿಪೊ ಒಂದೊಂದೇ ಹೊಸದಕ್ಕೆ ಹೋಗಲಿ, ಅಲ್ಲಿಯವರೆಗೆ ಹಳೆಯದು ಪಕ್ಕದಲ್ಲೇ ಓಡುತ್ತಿರಲಿ, ದಿನಾ ಎರಡರ ಪಾಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೊಬ್ಬ ತಾತ ಇದ್ದಾನೆ ಎಂದರ್ಥ. ಇದನ್ನು ಮಾಡಲು ಮೇಷ್ಟ್ರು ಒಪ್ಪುತ್ತಾರಾ ಎಂದು ಸಾಹೇಬರು ಮೂಲೆಗೆ ತಿರುಗುತ್ತಾರೆ. ಪಾಳಿಯಕ್ಕ ಪಕ್ಕದಲ್ಲಿ ಕೂತರೆ ಮಾಡುತ್ತೇನೆ ಎನ್ನುತ್ತಾರೆ ಮೇಷ್ಟ್ರು.

ಹಾಗಾದರೆ ನಿಮ್ಮ ಗತಿ ಏನಮ್ಮ ಎಂಬುದು ಸಾಹೇಬರ ಕೊನೆಯ ಪ್ರಶ್ನೆ. ಕಲಿಯುತ್ತೇನೆ ಎಂಬುದು ಪಾಳಿಯಕ್ಕನ ಉತ್ತರ. ಕಲಿಯುವುದು ಸುಲಭವಲ್ಲ ಎಂದು ಅವರಿಗೆ ಗೊತ್ತಿದೆ. ಹೊಸ ಭಾಷೆಯ ಮೊದಲ ಪಾಠಕ್ಕೇ ತಲೆ ಗಿರ್ರೆಂದಿದೆ, ಅಳಿಯನ ವಯಸ್ಸಿನವರ ಮುಂದೆ ದಡ್ಡಿಯಾಗಿ ಕೂರಬೇಕು, ಇಷ್ಟು ದಿನ ತಮ್ಮನ್ನು ಕೇಳಿ ಮುಂದೆ ಹೋಗುತ್ತಿದ್ದವರು ನಾಳೆ ಕೇಳದೆಯೇ ಹೋಗುತ್ತಾರೆ. ಮೆಟ್ಟಿಲು ಇಳಿಯುವಾಗ ಅವರು ನಡುವೆ ನಿಂತು, ಈಗಲೂ ವಾಪಸು ಹೋಗಿ ಬೇರೆ ಮಾತು ಹೇಳಬಹುದು ಎಂಬಂತೆ ಮೇಲಕ್ಕೆ ನೋಡುತ್ತಾರೆ. ಮತ್ತೆ ಇಳಿಯುತ್ತಾರೆ.

ಸಾಹೇಬರ ಹತ್ತಿರ ತಮಗಾಗಿ ಏನೂ ಕೇಳಲಿಲ್ಲವೇ? ಒಂದು ಕೇಳಿದೆ ಎನ್ನುತ್ತಾರೆ ಪಾಳಿಯಕ್ಕ, ಟೈರ್ ಉಗ್ರಾಣದ ಬಾಗಿಲಲ್ಲಿ ನಿಂತು. ಒಳಗೆ ಹಳೆಯ ಮಷೀನು ನಾಳೆಯ ಪಾಳಿ ಲೆಕ್ಕ ಹಾಕುತ್ತ ಗುಂಯ್ ಎನ್ನುತ್ತಿದೆ.

“ಕೊನೇ ದಿನ ಇದನ್ನ ಆರಿಸೋಕೆ ಹೊರಗಿನವರನ್ನ ಕರೆಸ್ಬೇಡಿ, ನಾನೇ ಆರಿಸ್ತೀನಿ ಅಂದೆ. ರಿಟೈರ್ ಆಗಿದ್ರೂ ಕರೆದ್ರೆ ಬರ್ತೀನಿ ಅಂದೆ. ಅಷ್ಟು ವರ್ಷ ದುಡಿದಿದೆ. ಹೋಗೋವಾಗ ಪಕ್ಕದಲ್ಲಿ ಗೊತ್ತಿರೋರು ಒಬ್ಬರಾದ್ರೂ ಇರಬೇಕಲ್ವಾ?”